ಅಮಾಸಿಗೆ ದೊಡ್ಡ ಭರತಿ

ತಂಗಿಯ ಮಗಳು ಇಂಜಿನಿಯರಿಂಗ್ ಮುಗಿಸಿ ಅಂಬರನಾಥ ಕಡೆಯ ಒಂದು ಕಾರ್ಖಾನೆಗೆ ಸೇರಿಕೊಂಡಳು. ಪೇಢೆಯ ಪೊಟ್ಟಣ ಹಿಡಿದುಕೊಂಡು ಮುಂಬೈಯ ಸಯನ್‌ನ ನಮ್ಮ ಮನೆಗೆ ಬಂದವಳು ಕಾಲು ಮುಟ್ಟಿ, "ಮಾಮಾ, ನೀವು ಅಷ್ಟು ವರ್ಷ ಫೌಂಡ್ರಿಯಲ್ಲಿ ಇದ್ದದ್ದಲ್ವಾ, ನಾನು ಮೊದ್ಲು ಏನು ಕಲೀಬೇಕು, ಬತಾವೋ ನಾ" ಎಂದಳು.

"ಕಾರ್ಖಾನೆ ನಿಂತಿರೋ ನೆಲ ಎಂಥದ್ದು ಅಂತ ಕೇಳಿಕೊಂಡು ಬಾ ಮಗಾ."

"ಮಾಮಾ! ನಾನು ಮೆಕ್ಯಾನಿಕಲ್. ನೆಲ ಎಲ್ಲ ಸಿವಿಲ್‌ನವರದ್ದು!"

ಅವಳು ನಕ್ಕಳು, ನನ್ನ ಹೆಂಡತಿಯೂ ನಕ್ಕಳು. ನನಗೆ ನಗು ಬರಲಿಲ್ಲ. ನಿಂತ ನೆಲ ಎಂಥದ್ದೆಂದು ಯಾರೂ ಕೇಳದೆ ಇದ್ದದ್ದಕ್ಕೆ ಒಂದು ಮಧ್ಯಾಹ್ನ ನಮ್ಮ ಕಾರ್ಖಾನೆಯ ಮಾಡು ಹಾರಿಹೋದದ್ದನ್ನು ಕಣ್ಣಾರೆ ಕಂಡವನು ನಾನು. ಈಗಲೂ ಪಕ್ಕದ ಮನೆಯ ಕುಕ್ಕರ್ ಜೋರಾಗಿ ಸೀಟಿ ಹೊಡೆದರೆ ಕೈಯಲ್ಲಿನ ಚಹಾ ತುಳುಕುತ್ತದೆ. ಅವಳಿಗೂ ಅವಳ ಹಾಗೆ ಹೊಸದಾಗಿ ಕಾರ್ಖಾನೆಯ ಗೇಟು ದಾಟುವ ಮಕ್ಕಳಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು, ಅದೆಲ್ಲ ಯಾರ ಕೆಲಸಕ್ಕೂ ಬರುವುದಿಲ್ಲ, ಬಿಟ್ಟುಬಿಡುತ್ತೇನೆ.

ನನ್ನ ಕನ್ನಡದ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಹುಟ್ಟಿ ಬೆಳೆದದ್ದು ಇದೇ ಸಯನ್‌ನ ಚಾಳಿನಲ್ಲಿ. ಅಪ್ಪ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆಗೆ ನಿಂತವರು, ಮನೆಗೆ ಬರುತ್ತಿದ್ದದ್ದು ಮಲಗುವುದಕ್ಕೆ ಮಾತ್ರ. ನನಗೆ ಮಾತು ಕಲಿಸಿದ್ದು ಕುಂದಾಪುರ ಕಡೆಯಿಂದ ಬಂದ ಅಜ್ಜಿ, ಮತ್ತೆ ಸಂಜೆ ಚಾಳಿನ ಗ್ಯಾಲರಿಯಲ್ಲಿ ಅವಳ ಜೊತೆ ಎಲೆ ಅಡಿಕೆ ಮೆಲ್ಲುತ್ತಾ ಕೂರುತ್ತಿದ್ದ ಊರಿನ ಮುದುಕರು. ಹಾಗಾಗಿ ನನ್ನ ಪ್ರಾಯದವರು ಯಾವಾಗಲೋ ಬಿಟ್ಟ ಶಬ್ದಗಳು ನನ್ನ ಬಾಯಲ್ಲಿ ಉಳಿದುಬಿಟ್ಟಿವೆ. ಈ ಕಥೆಯಲ್ಲಿ ಅಂಥದೊಂದು ಶಬ್ದವೂ ಬರುತ್ತದೆ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು, ನಾನು ಕೆಲಸಕ್ಕೆ ಸೇರಿದಾಗ. ಸಯನ್ ದಾಟಿ ಕುರ್ಲಾ ಕಡೆ ಹೋಗುವಾಗ ರೈಲಿನಿಂದಲೇ ಕಾಣುತ್ತಿದ್ದ ಫೌಂಡ್ರಿ ಅದು. ಹಿಂದೆ ಕೆಸರು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡ, ಸಮುದ್ರದಿಂದ ಒಳಗೆ ಚಾಚಿದ ಖಾಡಿಯ ಕಪ್ಪು ನೀರು, ಮುಂದೆ ರಸ್ತೆ. ಕಬ್ಬಿಣ ಕರಗಿಸಿ ಮರಳಿನ ಸಾಂಚಾದಲ್ಲಿ, ಅಂದರೆ ಅಚ್ಚಿನಲ್ಲಿ, ಹೊಯ್ದು ಪಂಪಿನ ಭಾಗ, ಲೇಥ್ ಮಶೀನಿನ ಮೈ, ದೊಡ್ಡ ದೊಡ್ಡ ಚಕ್ರಗಳನ್ನು ಮಾಡುತ್ತಿದ್ದರು. ನನ್ನ ಕೆಲಸ, ಒಬ್ಬ ಆಳಿಗೆ ಎಷ್ಟು ಒಳ್ಳೆಯ ಮಾಲು ಹೊರಬಿತ್ತು ಎಂದು ಲೆಕ್ಕ ಹಾಕಿ ಸಾಹೇಬರಿಗೆ ಹೇಳುವುದು. ಪ್ರೊಡಕ್ಟಿವಿಟಿ ಎಂಬ ಶಬ್ದ ಆಗ ಹೊಸತು. ಆಫೀಸಿನಲ್ಲಿ ಹೊಸ ಸೊಸೆಯನ್ನು ಕರೆದ ಹಾಗೆ ಅದನ್ನು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದರು.

ಮೊದಲ ದಿನ ಬಿಳಿ ಅಂಗಿ ತೊಟ್ಟು ಹೋಗಿದ್ದೆ. ಭಟ್ಟಿಯ ಬಾಯಿ ತೆರೆದರು ನೋಡಿ, ದೀಪಾವಳಿಯ ಹೂಕುಂಡವನ್ನು ಅಡ್ಡ ಮಲಗಿಸಿ ಮನೆಯಷ್ಟು ದೊಡ್ಡದು ಮಾಡಿದರೆ ಹೇಗಿರುತ್ತದೋ ಹಾಗೆ ಕಿಡಿ ಸುರಿಯಿತು. ನಾನು ಓಡಿದೆ. ಹಿಂದಿನಿಂದ ಒಂದು ದಪ್ಪ ಸ್ವರ ಕೇಳಿತು.

"ಹೊಸಾ ಅಂಗಿ ಹಾಕ್ಕೊಂಡ ಬಂದೀರಲ್ರೀ ಶೆಟ್ರ, ಇಲ್ಲೇನ್ ಮದುವಿ ಐತೇನ್ರೀ?"

ಅವನೇ ಬಸಪ್ಪ. ವಿಜಾಪುರ ಕಡೆಯವನು, ಗುಂಡಿ ತಂಡದ ಮುಖ್ಯಸ್ಥ. ಸಣ್ಣ ಮಾಲಿನ ಸಾಂಚಾ ಪೆಟ್ಟಿಗೆಯೊಳಗೆ ನೆಲದ ಮೇಲೇ ತಯಾರಾಗುತ್ತದೆ. ದೊಡ್ಡದಕ್ಕೆ ಅದು ಸಾಲದು. ನೆಲದಲ್ಲಿ ಆಳು ಮುಳುಗುವಷ್ಟು ಗುಂಡಿ ತೋಡಿ, ತಳಕ್ಕೆ ಕಿಟ್ಟ ಹಾಸಿ, ಗಾಳಿ ಹೋಗುವುದಕ್ಕೆ ಒಂದು ಕೊಳವೆ ಇಟ್ಟು, ಮೇಲೆ ಮರಳು ಬಡಿದು ಸಾಂಚಾ ಮಾಡಬೇಕು. ಅದು ಬಸಪ್ಪನ ತಂಡದ ಕೆಲಸ. ಎಲ್ಲರೂ ಅವನ ಊರಿನ ಸುತ್ತಮುತ್ತಲಿನವರು, ಧಾರಾವಿಯಲ್ಲಿ ಒಂದೇ ಓಣಿಯಲ್ಲಿ ಇದ್ದವರು. ಅವನ ಕೈಕೆಳಗಿನ ಯಲ್ಲಪ್ಪ ಎಂಬ ಮಾತುಗಾರನೊಬ್ಬನ ಹೆಸರು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನಮ್ಮ ವರ್ಕ್ಸ್ ಮ್ಯಾನೇಜರ್ ಭಿಡೆ ಸಾಹೇಬರು ಪುಣೆಯವರು. ಒಳ್ಳೆಯ ಇಂಜಿನಿಯರ್, ಒಳ್ಳೆಯ ಮನುಷ್ಯ, ನಾಲಗೆ ಮಾತ್ರ ಹೊಸ ಬ್ಲೇಡು. ಬೆಳಗಿನ ಗಾಡಿಗೆ ಪುಣೆಯಿಂದ ತಂದ ಶೇಂಗಾ ಚಿಕ್ಕಿಯನ್ನು ಎಲ್ಲರಿಗೂ ಹಂಚುತ್ತಿದ್ದರು, ಹಂಚುತ್ತಲೇ ಬಯ್ಯುತ್ತಿದ್ದರು.

ಒಂದು ಶನಿವಾರ ಮಶೀನ್ ಶಾಪಿನವರು ಕನ್ನಡಿಯ ಹಾಗೆ ಹೊಳೆಯುವ ಶಾಫ್ಟುಗಳನ್ನು ಮುಗಿಸಿ ಸಾಲಾಗಿ ಇಟ್ಟುಹೋದರು. ಸೋಮವಾರ ಬಾಗಿಲು ತೆರೆದರೆ ಎಲ್ಲದರ ಮೈಗೂ ಕೆಂಪು ತುಕ್ಕು! ಒಂದೇ ಭಾನುವಾರದಲ್ಲಿ! ಭಿಡೆ ಸಾಹೇಬರು ಅದನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿ, "ಯಾರು ಇದರ ಮೇಲೆ ಉಪ್ಪುನೀರು ಚೆಲ್ಲಿದವರು?" ಎಂದು ಕೂಗಿದರು. ಚೆಲ್ಲಿದವರು ಯಾರೂ ಇರಲಿಲ್ಲ. ಪಡುವಣದ ಕಿಟಕಿ ತೆರೆದೇ ಉಳಿದಿತ್ತು, ಗಾಳಿ ಎರಡು ರಾತ್ರಿ ತನ್ನ ಪಾಡಿಗೆ ತಾನು ಒಳಗೆ ಬಂದುಹೋಗಿತ್ತು. ಆ ವಾರ ಮಶೀನ್ ಶಾಪಿನವರು ಹೊಸ ಮಾಲು ಒಂದೂ ಮಾಡಲಿಲ್ಲ, ಹಳೆಯದನ್ನೇ ಉಜ್ಜುತ್ತಾ ಕೂತರು. ನನ್ನ ಲೆಕ್ಕದಲ್ಲಿ ಅವರು ಸೋಮಾರಿಗಳಾದರು! ಗಾಳಿಗೆ ಹಾಕುವ ಕಾಲಮ್ಮು ಯಾವ ಫಾರಮಿನಲ್ಲೂ ಇರಲಿಲ್ಲ.

ಮಳೆಗಾಲದ ಕಥೆ ಇನ್ನೊಂದು. ಸಯನ್, ಕುರ್ಲಾ ನಡುವೆ ಹಳಿ ಮುಳುಗಿತೆಂದರೆ ಲೋಕಲ್ ನಿಂತುಬಿಡುತ್ತಿತ್ತು. ಒಮ್ಮೆ ಭಟ್ಟಿ ಹೊತ್ತಿಸಿ ಕಬ್ಬಿಣ ಕರಗಿ ತಯಾರಾಗಿದೆ, ಹೊಯ್ಯುವ ಜನ ಹಳಿಯ ಮೇಲೆ ಸೊಂಟದ ನೀರಲ್ಲಿ ಚಪ್ಪಲಿ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಾರೆ. ಬಂದು ಮುಟ್ಟಿದವರಿಗೆ ಮೈ ನಡುಕ. ಆ ಕೈಯಲ್ಲಿ ಕಾದ ಕಬ್ಬಿಣ ಹಿಡಿಯಬೇಕು! ಹೊಸ ಮಕ್ಕಳೇ, ಕಾಗದದ ಮೇಲೆ 'ಆಳು ಹಾಜರ್' ಎಂದು ಬರೆದದ್ದನ್ನು ನೋಡುವಾಗ ಆ ಆಳು ಹೇಗೆ ಹಾಜರಾದ ಎಂದೂ ಒಮ್ಮೆ ನೋಡಿ.

ನಮ್ಮ ಮಾಲಿಕರಿಗೆ ಘಟ್ಟದ ಮೇಲೆ, ಇಲ್ಲಿಯವರು ದೇಶ ಅನ್ನುವ ಬಯಲುಸೀಮೆಯ ಕಡೆ, ಇನ್ನೊಂದು ಫೌಂಡ್ರಿ ಇತ್ತು. ಅಲ್ಲಿಗೆ ನನ್ನನ್ನು ಹೋಲಿಕೆಗೆಂದು ಕಳಿಸಿದರು. ಹೋಗಿ ನೋಡಿ ದಂಗಾದೆ. ಅದೇ ಮಾದರಿ, ಅದೇ ಕಬ್ಬಿಣ, ಅದೇ ಕೋಕ್ ಕಲ್ಲಿದ್ದಲು, ನಮ್ಮದಕ್ಕಿಂತ ಹಳೆಯ ಭಟ್ಟಿ. ಆದರೆ ದೊಡ್ಡ ಮಾಲಿನಲ್ಲಿ ಕೆಟ್ಟದ್ದು ಹುಡುಕಿದರೆ ಸಿಕ್ಕಬೇಕು. ನಮ್ಮಲ್ಲಿ ಅಂಗಳದ ತುಂಬಾ ಕೆಟ್ಟ ಮಾಲು ಆನೆಗಳ ಹಾಗೆ ಬಿದ್ದುಕೊಂಡಿರುತ್ತಿತ್ತು. ಒಂದು ದೊಡ್ಡ ಮಾಲು ಕೆಟ್ಟರೆ ಒಂದು ವಾರದ ದುಡಿಮೆ ಕೆಟ್ಟ ಹಾಗೆ. ಒಡೆದು ಮತ್ತೆ ಕರಗಿಸಬೇಕು.

ಅಲ್ಲಿಯ ಮೇಸ್ತ್ರಿ ನನ್ನನ್ನು ಗುಂಡಿಗೆ ಇಳಿಸಿದ. ಕೆಳಗೆ ಕಾಲಿಟ್ಟರೆ ದೂಳು ಎದ್ದು ಕೆಮ್ಮು ಬಂತು. ನಾನು ಕೆಮ್ಮಿದೆ, ಮೇಲೆ ಬಂದೆ, ಅಷ್ಟೇ. ಆ ದೂಳಿನ ಬಗ್ಗೆ ಭಿಡೆ ಸಾಹೇಬರೂ ಕೇಳಲಿಲ್ಲ. ಅವರು ಮೇಜು ತಟ್ಟಿ ಹೇಳಿದ್ದು ಒಂದೇ ಮಾತು:

"ಶೆಟ್ಟಿ, ಎಲ್ಲ ಒಂದೇ. ಹಾಗಾದರೆ ಬೇರೆ ಏನು? ಮನುಷ್ಯರು. ಅಲ್ಲಿಯವರು ಕೆಲಸ ಮಾಡುತ್ತಾರೆ, ಇಲ್ಲಿಯವರು ಮಾಡುವುದಿಲ್ಲ."

ಇದಾದ ಮೇಲೆ ಅವರು ಬಸಪ್ಪನ ತಂಡದ ಮೇಲೆ ಕಣ್ಣಿಟ್ಟರು. ಕೆಡುತ್ತಿದ್ದದ್ದು ಗುಂಡಿಯ ಮಾಲು ಮಾತ್ರ. ಹೊರಗಿನಿಂದ ನುಣ್ಣಗೆ, ಮಶೀನಿಗೆ ಹಾಕಿ ಒಂದು ಪದರ ತೆಗೆದರೆ ಒಳಗೆಲ್ಲ ಗುಳ್ಳೆ, ಹುಳ ತಿಂದ ಬದನೆಕಾಯಿ. ಮಶೀನಿಗೆ ಏರುವ ಹೊತ್ತಿಗೆ ಹೊಯ್ದು ಎಷ್ಟೋ ದಿನ ಆಗಿರುತ್ತಿತ್ತು, ಯಾವತ್ತು ಹೊಯ್ದದ್ದೆಂದು ಯಾರೂ ಹೊಂದಿಸಿ ನೋಡುತ್ತಿರಲಿಲ್ಲ. ಸಾಹೇಬರು ಹೊಂದಿಸಿದರು. ಒಂದು ದಿನ ನನ್ನನ್ನು ಕರೆದರು, ಕಣ್ಣು ಹೊಳೆಯುತ್ತಿತ್ತು.

"ಸಿಕ್ಕಿತು ನೋಡು. ಅಮಾವಾಸ್ಯೆ!"

ನಾನು ಬೆಚ್ಚಿಬಿದ್ದೆ. ಯಾಕೆಂದರೆ ಮಾತು ಸುಳ್ಳಾಗಿರಲಿಲ್ಲ. ಅಮಾವಾಸ್ಯೆಯ ಆಚೀಚೆ ಹೊಯ್ದದ್ದೇ ಹೆಚ್ಚು ಕೆಟ್ಟಿತ್ತು. ಬಸಪ್ಪನವರಿಗೆ ಅಮಾಸಿ ಎಂದರೆ ದೊಡ್ಡ ದಿನ. ಅವರ ಊರಲ್ಲಿ ಅವತ್ತು ಎತ್ತಿಗೆ ನೊಗ ಇಡುವುದಿಲ್ಲ, ಹೊಲಕ್ಕೆ ಬಿಡುವು. ಇಲ್ಲಿ ಎತ್ತಿಲ್ಲ, ಹೊಲವಿಲ್ಲ. ಅದಕ್ಕೆ ಗುಂಡಿಯ ಬಾಯಿಗೆ ಊದುಬತ್ತಿ ಹಚ್ಚಿ, ನಿಂಬೆಹಣ್ಣು ಕೊಯ್ದು, ತೆಂಗಿನಕಾಯಿ ಒಡೆಯುತ್ತಿದ್ದರು. ಸಾಹೇಬರ ತರ್ಕ ಅಲ್ಲಿಂದ ಹೊರಟಿತು: ಇವರಿಗೆ ಅವತ್ತು ದುಡಿಯುವ ಮನಸ್ಸಿಲ್ಲ, ಕಾಟಾಚಾರಕ್ಕೆ ಮರಳು ಬಡಿಯುತ್ತಾರೆ, ಸಾಲದ್ದಕ್ಕೆ ಕಾಯಿಯ ನೀರನ್ನು ಗುಂಡಿಗೆ ಚೆಲ್ಲುತ್ತಾರೆ, ತೇವಕ್ಕೆ ಗುಳ್ಳೆ ಬರುತ್ತದೆ.

ಹುಣ್ಣಿಮೆಯ ಹೊತ್ತಿಗೂ ಮಾಲು ಕೆಡುತ್ತಿತ್ತು. ಅವತ್ತು ಪೂಜೆ ಇರಲಿಲ್ಲ, ಹಾಗಾಗಿ ಅದನ್ನು ಯಾರೂ ನೋಡಲಿಲ್ಲ.

ಬಸಪ್ಪನನ್ನು ಕರೆಸಿದರು. ಅವನು ಕೈ ಕಟ್ಟಿ ನಿಂತು ಅವನ ಹರುಕು ಹಿಂದಿಯಲ್ಲಿ ಏನೋ ಹೇಳಹೊರಟು, ಆಗದೆ, ನನ್ನ ಕಡೆ ತಿರುಗಿದ.

"ಶೆಟ್ರ, ನೀವರ ಸಾಹೇಬ್ರಿಗೆ ತಿಳಿಸಿ ಹೇಳ್ರಿ. ಮುಂಜಾನಿ ನೋಡಿದ್ರ ಗುಂಡಿ ಬೂದಿ ಆದಂಗ ಒಣಗಿರ್ತೈತ್ರಿ. ಮಧ್ಯಾಹ್ನ ಆತಂದ್ರ ಬೆವರಾಕ ಹತ್ತತೈತಿ. ಯಾಕಂತ ನನಗೂ ತಿಳೀವಲ್ದು. ಯಾರರ ಮಾಟ ಮಾಡ್ಯಾರೇನೋ ಅಂತಂದ ಕಾಯಿ ಒಡೀತೀವ್ರಿ."

ನಾನು ಮರಾಠಿಯಲ್ಲಿ ಹೇಳಿದೆ. ಸಾಹೇಬರು ಕುರ್ಚಿಗೆ ಒರಗಿ ನಕ್ಕರು. "ಗುಂಡಿಗೆ ಬೆವರು! ಕೇಳಿದೆಯಾ ಶೆಟ್ಟಿ, ಇವರಿಗೆ ಬೆವರು ಬರುವುದಿಲ್ಲ, ಗುಂಡಿಗೆ ಬರುತ್ತದೆ!" ಆಮೇಲೆ ನಗು ನಿಲ್ಲಿಸಿ ಹೇಳಿದರು, "ಕಾಯಿ ಬಂದ್. ಯುಗಾದಿ ಅಮಾವಾಸ್ಯೆಗೆ ಆ ದೊಡ್ಡ ಚಕ್ರ ಹೊಯ್ಯಬೇಕು. ಅದೊಂದು ಕೆಟ್ಟರೆ ಇಡೀ ತಂಡ ಮನೆಗೆ. ಬೇರೆ ಜನರನ್ನು ತೆಗೆದುಕೊಳ್ಳುತ್ತೇನೆ."

ಬಸಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಒಂದು ಫೌಂಡ್ರಿಯಿಂದ ಕಾಮಚೋರರು, ಮೈಗಳ್ಳರು ಎಂದು ಹೊರಹಾಕಿದ ತಂಡವನ್ನು ಇನ್ನೊಂದು ಫೌಂಡ್ರಿ ಒಳಗೆ ಬಿಡುವುದಿಲ್ಲ. ಓಣಿಗೆ ಓಣಿಯೇ ಅವನನ್ನು ನಂಬಿ ಊರು ಬಿಟ್ಟು ಬಂದದ್ದು. "ಅವರ ಹೆಂಡ್ರ ಮುಂದ ಹೆಂಗ್ ನಿಂದರ್ಲ್ರೀ ನಾನು?" ಎಂದ.

ಯುಗಾದಿ ಹತ್ತಿರ ಬಂತು. ಮಳೆಯ ಸುಳಿವಿಲ್ಲದ ಕಡು ಸೆಕೆ. ತಂಡದವರು ಆ ಚಕ್ರದ ಸಾಂಚಾಕ್ಕೆ ಜೀವ ತೇದರು. ತಳಕ್ಕೆ ಕೆಂಡ ಹಾಕಿ ಒಣಗಿಸಿದರು, ಅಂಗೈ ಇಟ್ಟು ನೋಡಿದರು, ಕೆನ್ನೆ ಇಟ್ಟು ನೋಡಿದರು. ಅಮಾಸಿಯ ಹಿಂದಿನ ಸಂಜೆ ಎಲ್ಲ ಮುಗಿಸಿ, ಸಾಂಚಾ ಮುಚ್ಚಿ, ಮೇಲೆ ಭಾರ ಹೇರಿ ಮನೆಗೆ ಹೊರಟರು.

ಗೇಟಿನ ಹೊರಗೆ, ಖಾಡಿಯ ಗೋಡೆಗೆ ಒರಗಿ ಹಿರಾಬಾಯಿ ಎಂಬ ಕೋಳಿ ಹೆಂಗಸು ಒಣಮೀನು ಮಾರುತ್ತಿದ್ದಳು. ಕೋಳಿಯರೆಂದರೆ ಈ ಮುಂಬೈಯ ಮೂಲದ ಮೀನುಗಾರರು. ನಾನೂ ಅವಳ ಗಿರಾಕಿ. ಆಫೀಸಿನ ಸುದ್ದಿ ಆಫೀಸಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಆ ಸಂಜೆ ಯಲ್ಲಪ್ಪ ಬೊಂಬಿಲ್ ಮೀನು ಕಟ್ಟಿಸಿಕೊಂಡು, ನಾಳೆಯೂ ಬರುತ್ತೇನೆ ಎಂದನಂತೆ. ಅವಳು ಹೇಳಿದಳಂತೆ:

"ಉದ್ಯಾ ಯೇವೂ ನಕೋ. ಅವಸ ಹಾಯ್, ಮೋಠೀ ಭರತಿ ಹಾಯ್."

ನಾಳೆ ಬರಬೇಡ, ಅಮಾಸಿ, ದೊಡ್ಡ ಭರತಿ ಇದೆ!

ಮರುದಿನ ನಾನು ಗೇಟಿಗೆ ಬಂದಾಗ ಗುಂಡಿ ತಂಡ ಪೂರ್ತಿ ರಸ್ತೆಯ ಆಚೆ ಬೇವಿನ ಮರದ ಕೆಳಗೆ ಕೂತಿದೆ. ಬುತ್ತಿಯ ಗಂಟು ಮಡಿಲಲ್ಲಿದೆ, ಯಾರೂ ಒಳಗೆ ಹೋಗುತ್ತಿಲ್ಲ. ವಾಚ್‌ಮನ್ ಕರೆದ, ಫೋರ್‌ಮನ್ ಕರೆದ, ಏಳಲಿಲ್ಲ. ಒಳಗೆ ಭಿಡೆ ಸಾಹೇಬರು ಗೆದ್ದವರ ಹಾಗೆ ಓಡಾಡುತ್ತಿದ್ದರು. "ನೋಡು, ನೋಡು! ನಾನು ಹೇಳಿದ್ದೇನು? ಅಮಾವಾಸ್ಯೆ! ಇವತ್ತು ಬಾಗಿಲಿಗೇ ಬರಲಿಲ್ಲ!" ಭಟ್ಟಿ ಬೆಳಿಗ್ಗೆಯೇ ಹೊತ್ತಿಕೊಂಡಿತ್ತು. ಒಮ್ಮೆ ಕಬ್ಬಿಣ ಕರಗತೊಡಗಿದರೆ ಅದನ್ನು ನಿಲ್ಲು ಎನ್ನುವ ಹಾಗಿಲ್ಲ. ಕ್ರೇನಿನ ಅಬ್ದುಲ್ ಮತ್ತು ಭಟ್ಟಿಯವರನ್ನು ಇಟ್ಟುಕೊಂಡು ಊಟದ ನಂತರ ತಾವೇ ಹೊಯ್ಯಿಸುತ್ತೇನೆ ಎಂದರು ಸಾಹೇಬರು. ಸಾಂಚಾ ತಯಾರಿತ್ತಲ್ಲ.

ಊಟದ ಗಂಟೆ ಹೊಡೆದ ಕೂಡಲೇ ನಾನು ಹೊರಗೆ ಓಡಿದೆ.

"ಬಸಪ್ಪಾ, ಇದೇನಯ್ಯಾ? ಸಾಹೇಬರ ಬಾಯಿಗೆ ನೀವೇ ಸಕ್ಕರೆ ಹಾಕಿದಿರಲ್ಲ!"

ಬಸಪ್ಪನ ಕಣ್ಣು ಕೆಂಪಾಗಿತ್ತು. "ನಾವು ಒಳಗ ಬರೂದಿಲ್ಲಂತ ಕುಂತಿಲ್ರೀ ಶೆಟ್ರ. ನೀವು ಬರಬ್ಯಾಡ್ರಿ ಅಂದೀರಿ. ನಮ್ಮ ಜಾಗಾದಾಗ ಇವತ್ತ ಹೊಸಾ ಆಳಿನ ಭರ್ತಿ ಐತಂತಲ್ಲ. ಚಕ್ರ ಹೊಯ್ಯೂಮಟ ಕಾಯಬೌದಿತ್ತು. ಕೆಡತೈತೋ ಇಲ್ಲೋ ನೋಡಬೌದಿತ್ತು."

"ಯಾರಯ್ಯಾ ಹೇಳಿದ್ದು ಹೊಸ ಭರ್ತಿ ಅಂತ?"

ಯಲ್ಲಪ್ಪ ಎದ್ದು ನಿಂತ. "ಮೀನದ ಬಾಯಿ ಹೇಳ್ಯಾಳ್ರಿ. ಅಮಾಸಿಗೆ ದೊಡ್ಡ ಭರ್ತಿ ಐತಿ, ನೀ ಬರಬ್ಯಾಡ ಅಂದ್ಲು. ಆಕಿಗೆ ಎಲ್ಲಾ ಗೊತ್ತಿರ್ತೈತ್ರಿ!"

ನಾನು ಉರಿದುಹೋದೆ. ಆಫೀಸಿನಲ್ಲಿ ಕೂತ ನನಗೇ ಗೊತ್ತಿಲ್ಲದ ಭರ್ತಿ ಮೀನಿನವಳಿಗೆ ಹೇಗೆ ಗೊತ್ತು? ಅವಳನ್ನು ಹುಡುಕಿದರೆ ಯಾವಾಗಿನ ಜಾಗದಲ್ಲಿ ಇಲ್ಲ. ರಸ್ತೆಯ ಎತ್ತರದ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆ. "ಏನು ಹಿರಾಬಾಯಿ, ಇವರಿಗೆ ಭರ್ತಿ ಭರ್ತಿ ಅಂತ ಏನು ಹೇಳಿದೆ? ಯಾವ ಸಾಹೇಬ ಹೇಳಿದ ನಿನಗೆ?" ಎಂದು ಗದರಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರೇ ಬಾಬಾ, ಸಾಹೇಬಾಚೀ ನಾಯ್, ಪಾಣ್ಯಾಚೀ ಭರತಿ!" ಎಂದು ಬೆರಳು ತೋರಿಸಿದಳು. ಸಾಹೇಬನ ಭರ್ತಿಯಲ್ಲ, ನೀರಿನದು.

ತಿರುಗಿ ನೋಡಿದೆ. ಅವಳು ದಿನಾ ಕೂರುತ್ತಿದ್ದ ಜಾಗದಲ್ಲಿ ನೀರು ಆಡುತ್ತಿತ್ತು. ಖಾಡಿ ತುಂಬಿ, ಕಾಂಡ್ಲಾ ಗಿಡಗಳ ತಲೆ ಮಾತ್ರ ಕಾಣುತ್ತಾ, ಕಪ್ಪು ನೀರು ನಮ್ಮ ಫೌಂಡ್ರಿಯ ಹಿಂಗೋಡೆಯನ್ನು ನೆಕ್ಕುತ್ತಿತ್ತು. ನೆತ್ತಿಯ ಮೇಲೆ ಸುಡುಬಿಸಿಲು, ಎಲ್ಲಿಯೂ ಹನಿ ಮಳೆಯಿಲ್ಲ, ನೀರು ಮಾತ್ರ ಏರುತ್ತಿದೆ.

ನನ್ನ ಕಿವಿಯಲ್ಲಿ ಅಜ್ಜಿ ಮಾತಾಡಿದಳು. ಹೊಳೆಯ ಬಾಯಲ್ಲಿ, ಕಡಲ ಮಗ್ಗುಲಲ್ಲಿ ಹುಟ್ಟಿದವಳು ಅವಳು. "ಅಮಾಸಿಗೂ ಹುಣ್ಣಿಮಿಗೂ ದೊಡ್ಡ ಭರತ ಬತ್ತ್ ಮಗಾ, ಹೊಳಿ ಬದಿಗೆ ಹೋಪುಕಾಗ" ಎಂದು ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದಳು. ಭರತ ಎಂದರೆ ಕಡಲು ಉಕ್ಕಿ ಬರುವುದು, ಪುಸ್ತಕದವರು ಉಬ್ಬರ ಅನ್ನುತ್ತಾರೆ. ಮರಾಠಿಯಲ್ಲಿ ಭರತಿ ಅಂದರೆ ಅದೂ ಹೌದು, ಕೆಲಸಕ್ಕೆ ಆಳು ತುಂಬಿಕೊಳ್ಳುವುದೂ ಹೌದು. ಕಡಲನ್ನೇ ಕಾಣದ ವಿಜಾಪುರದ ಯಲ್ಲಪ್ಪನಿಗೆ ಕೇಳಿಸಿದ್ದು ಎರಡನೆಯದು. ಅಜ್ಜಿಯ ಹುಣ್ಣಿಮೆಯೂ ನೆನಪಾಯಿತು, ಹುಣ್ಣಿಮೆಯ ಕೆಟ್ಟ ಮಾಲೂ ನೆನಪಾಯಿತು. ಬೆಳಿಗ್ಗೆ ಒಣಗಿದ್ದು ಮಧ್ಯಾಹ್ನ ಬೆವರುವ ಗುಂಡಿ! ಖಾಡಿಯ ನೀರು ಗೋಡೆಯ ಹೊರಗೆ ಏರಿದಂತೆ ನೆಲದ ಒಳಗೂ ಏರುತ್ತಿತ್ತು. ಇಷ್ಟು ಕಾಲ ನಾವು ಕಾದ ಕಬ್ಬಿಣವನ್ನು ಹೊಯ್ಯುತ್ತಿದ್ದದ್ದು ಸಮುದ್ರದ ನೆತ್ತಿಯ ಮೇಲೆ.

ಬರೀ ತೇವಕ್ಕೆ ಗುಳ್ಳೆ ಬರುತ್ತದೆ, ನೀರೇ ನಿಂತಿದ್ದರೆ ಕಾದ ಕಬ್ಬಿಣದ ಕೆಳಗೆ ಅದು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಹೇಗೆ ಓಡಿದೆನೋ ಗೊತ್ತಿಲ್ಲ.

ಒಳಗೆ ಅಬ್ದುಲ್ ಕ್ರೇನಿನಿಂದ ಕಬ್ಬಿಣದ ಬಕೆಟ್ಟನ್ನು ಗುಂಡಿಯ ಮೇಲೆ ತಂದಾಗಿತ್ತು. ಬಿಳಿಬಿಳಿ ಕುದಿಯುವ ಕಬ್ಬಿಣ. ಸಾಹೇಬರು ಕೈ ಎತ್ತಿ ನಿಂತಿದ್ದಾರೆ. "ಸಾಹೇಬ್, ಹೊಯ್ಯಬೇಡಿ, ಕೆಳಗೆ ನೀರು!" ಎಂದು ಕಿರುಚಿದೆ. ಅವರು ಸಿಟ್ಟಿನಿಂದ ತಿರುಗಿದರು. ಮಾತಾಡುವ ಪುರುಸೊತ್ತಿಲ್ಲ. ಅಲ್ಲಿ ಬಿದ್ದಿದ್ದ ಉದ್ದ ಸಲಾಕೆಯನ್ನು ಗಾಳಿಯ ಕೊಳವೆಯೊಳಗೆ ತಳದವರೆಗೆ ಇಳಿಸಿ, ಮೇಲೆ ಎಳೆದು, ಅವರ ಮುಖದ ಮುಂದೆ ಹಿಡಿದೆ.

ಸಲಾಕೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಭಿಡೆ ಸಾಹೇಬರು ಆ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ದೊಡ್ಡ ಇಂಜಿನಿಯರ್ ಅವರು, ಒಂದು ಉಸಿರಿನಲ್ಲಿ ಎಲ್ಲ ಅರ್ಥವಾಗಿತ್ತು. "ಥಾಂಬ್! ಅಬ್ದುಲ್, ರುಕ್!" ಎಂದು ಕೂಗಿದರು. ಬಕೆಟ್ ನಿಂತಿತು. ಆದರೆ ಕಬ್ಬಿಣ ಕಾಯುವುದಿಲ್ಲ, ಬಕೆಟ್ಟಿನಲ್ಲೇ ಹೆಪ್ಪುಗಟ್ಟುತ್ತದೆ. ಇಂಥ ಹೊತ್ತಿಗೆಂದೇ ಪಡುವಣದ ಗೋಡೆಯ ಬುಡದಲ್ಲಿ ಬರೀ ಮರಳು ಹಾಸಿದ ಒಂದು ಎಮರ್ಜೆನ್ಸಿ ಗುಂಡಿ ಇತ್ತು. ವರ್ಷಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಸಾಹೇಬರು ಅಭ್ಯಾಸದಲ್ಲಿ ಆ ಕಡೆ ಕೈ ತೋರಿಸಿದರು, ಅಬ್ದುಲ್ ಅಭ್ಯಾಸದಲ್ಲಿ ಆ ಕಡೆ ಒಯ್ದ. ಪಡುವಣದ ಗೋಡೆ! ಅದರ ಆಚೆಯೇ ಖಾಡಿ! ನನ್ನ ಬಾಯಿಂದ ಸ್ವರ ಹೊರಡುವ ಮೊದಲು ಬಕೆಟ್ ವಾಲಿತು.

ಆ ಶಬ್ದವನ್ನು ಬರೆಯಲಾರೆ. ನೆಲ ಒಮ್ಮೆ ಮೇಲಕ್ಕೆ ಎದ್ದು ಕೂತ ಹಾಗಾಯಿತು. ಕಣ್ಣು ಬಿಟ್ಟಾಗ ನಾನು ಮರಳಿನ ರಾಶಿಯ ಹಿಂದೆ ಬಿದ್ದಿದ್ದೆ. ತಲೆಯ ಮೇಲೆ ಮಾಡಿನ ತಗಡು ಇರಲಿಲ್ಲ, ಆಕಾಶ ಇತ್ತು. ಕಿವಿಯಲ್ಲಿ ಒಂದೇ ಸಮನೆ ಸಿಳ್ಳೆ. ಸಾಹೇಬರು ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು ತಮ್ಮ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇತ್ತು. ಅಬ್ದುಲ್ ಎತ್ತರದ ಕ್ಯಾಬಿನಿನಲ್ಲಿ "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದ. ಭಟ್ಟಿಯವರು ದೂರದಲ್ಲಿದ್ದರು. ಎಲ್ಲರೂ ಜೀವಂತ.

ಪಡುವಣದ ಗೋಡೆಯ ಹತ್ತಿರ ಒಂದು ಬೆಂಚು ಇತ್ತು. ಸಾಂಚಾ ಒಪ್ಪಿಸಿದ ಮೇಲೆ, ಕಬ್ಬಿಣ ಹೊಯ್ದು ತಣಿಯುವುದನ್ನು ಕಾಯುತ್ತಾ, ಬಸಪ್ಪನ ತಂಡ ಸಾಲಾಗಿ ಕೂರುತ್ತಿದ್ದದ್ದು ಅದರ ಮೇಲೆ. ಖಾಡಿಯ ಗಾಳಿ ಅಲ್ಲಿ ತಂಪಾಗಿ ಬೀಸುತ್ತಿತ್ತು, ಅದಕ್ಕೆ. ಆ ಬೆಂಚಿನ ಮೇಲೆ, ಅದರ ಹಿಂದಿನ ಗೋಡೆಯ ಮೇಲೆ, ಅವರು ಅಂಗಿ ತೂಗುಹಾಕುವ ಮೊಳೆಗಳ ಮೇಲೆ, ಎಲ್ಲ ಕಡೆ ಕಬ್ಬಿಣ ಅಂಟಿಕೊಂಡು ಕೆಂಪಗೆ ಹೊಗೆಯಾಡುತ್ತಿತ್ತು. ಅವರು ನೀರು ಕುಡಿಯುವ ಮಡಕೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಸದ್ದು ಕೇಳಿ ಹೊರಗಿನವರು ದೂರ ಓಡುತ್ತಾರೆ. ಬಸಪ್ಪ ಒಳಗೆ ಓಡಿ ಬಂದ, ಹಿಂದೆ ಅವನ ಇಡೀ ತಂಡ. "ಶೆಟ್ರ! ಸಾಹೇಬ್ರ! ಯಾರಿಗೇನಾತ್ರೀ?" ಎಂದು ನನ್ನ ಮೈಕೈ ತಡವಿ ನೋಡಿದ. ಸಾಹೇಬರು ಬೆಂಚಿನಿಂದ ಕಣ್ಣು ಕೀಳದೆ ಅವನ ತೋಳು ಹಿಡಿದುಕೊಂಡರು. "ಎಲ್ಲರೂ ಹೊರಗೆ ಇದ್ದಿರಾ? ಎಲ್ಲರೂ?" ಬಸಪ್ಪ ತನ್ನವರ ಹೆಸರು ಒಂದೊಂದಾಗಿ ಹಿಡಿದು ಕೂಗಿದ. ಒಂದೊಂದು ಹೆಸರಿಗೂ "ಹಾಂ" ಎಂಬ ಉತ್ತರ ಬಂತು. ಯಲ್ಲಪ್ಪನ ಹೆಸರು ಕೊನೆಗೆ ಬಂತು. ಅವನು ಬೆಂಚನ್ನು ನೋಡುತ್ತಾ ಬಾಯಿ ತೆರೆದು ನಿಂತಿದ್ದ. ಅವನು ಯಾವಾಗಲೂ ಕೂರುತ್ತಿದ್ದದ್ದು ಆ ಎಮರ್ಜೆನ್ಸಿ ಗುಂಡಿಯ ಕಡೆಯ ತುದಿಗೆ.

ಭರತಿಯ ವಿಷಯವನ್ನು ಸಂಜೆ ಸಾಹೇಬರಿಗೆ ಹೇಳಿದೆ. ಅವರು ನಗಲಿಲ್ಲ, ನಾನೂ ನಗಲಿಲ್ಲ. ಒಬ್ಬ ಮನುಷ್ಯ ಒಂದು ಶಬ್ದವನ್ನು ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ ಒಂದು ಓಣಿಯ ಗಂಡಸರೆಲ್ಲ ಉಳಿದಿದ್ದರು. ಸರಿಯಾಗಿ ಕೇಳಿಸಿಕೊಂಡಿದ್ದರೆ? ಆ ಪ್ರಶ್ನೆ ಈಗಲೂ ಒಮ್ಮೊಮ್ಮೆ ಬಂದು ನನ್ನ ತಟ್ಟೆಯ ಮುಂದೆ ಕೂರುತ್ತದೆ, ಊಟ ಸೇರುವುದಿಲ್ಲ.

ಆಮೇಲಿನ ದಿನಗಳಲ್ಲಿ ಗುಂಡಿಯ ಕೊಳವೆಗೆ ಸಲಾಕೆ ಇಳಿಸಿ ಇಳಿಸಿ ನೋಡಿದೆವು. ಹುಣ್ಣಿಮೆಗೂ ಅದೇ ಕಥೆ. ನಡುವಿನ ದಿನಗಳಲ್ಲಿ ನೀರು ತಳ ಮುಟ್ಟುತ್ತಿರಲಿಲ್ಲ. ಗುಂಡಿಯ ಒಳಮೈಗೆ ದಪ್ಪ ಉಕ್ಕಿನ ತಗಡಿನ ತೊಟ್ಟಿ ಕೂರಿಸಿ, ಬಾಯಿಯನ್ನು ನೆಲ ಬಿಟ್ಟು ಮೇಲೆ ಎತ್ತಿದೆವು. ತೊಟ್ಟಿ ಬರುವ ತನಕ ಅಮಾವಾಸ್ಯೆ, ಹುಣ್ಣಿಮೆಗೆ ಗುಂಡಿಗೆ ಕಬ್ಬಿಣ ಹೊಯ್ಯಲೇಬಾರದು ಎಂದು ಸಾಹೇಬರೇ ಹುಕುಂ ಮಾಡಿದರು. ಅದು ಘಟ್ಟದ ಮೇಲಿನ ಫೌಂಡ್ರಿಯವರಿಗೆ ತಿಳಿದು, ಮುಂಬೈಯ ಭಿಡೆ ಪಂಚಾಂಗ ನೋಡಿ ಕೆಲಸ ಮಾಡಿಸುತ್ತಾನಂತೆ ಎಂದು ಆಡಿಕೊಂಡರು. ಅವರ ನೆಲ ಒಣ, ಅವರು ನಗಬಹುದಿತ್ತು. ತೊಟ್ಟಿ ಕೂತ ಮೇಲೆ ನಮ್ಮ ಗುಂಡಿಯ ಮಾಲೂ ಅವರ ಮಾಲಿನ ಸಮ ನಿಂತಿತು. ಜನ ಅವರೇ, ಕೈ ಅವೇ.

ಆದರೆ ನಾನು ಹೇಳಬೇಕೆಂದದ್ದು ಸಿಡಿದದ್ದರ ಮರುದಿನದ ಮಾತು. ಯುಗಾದಿ. ರಜೆ. ಬಸಪ್ಪನ ತಂಡ ಹೊಸ ಅಂಗಿ ತೊಟ್ಟು ಗೇಟಿನ ಹತ್ತಿರ ಬಂದು ನಿಂತಿತ್ತು. ಕೆಲಸ ಉಂಟೋ ಇಲ್ಲವೋ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಚಕ್ರ ಕೆಟ್ಟರೆ ಮನೆಗೆ ಎಂದಿದ್ದರು. ಚಕ್ರ ಹೊಯ್ಯಲೇ ಇಲ್ಲ. ಯಾವ ಲೆಕ್ಕಕ್ಕೆ ಸೇರಿಸುವುದು? ಒಳಗೆ ಹೋಗಿ ಕೇಳುವುದಕ್ಕೆ ಬಸಪ್ಪನಿಗೆ ಧೈರ್ಯವಿಲ್ಲ, ಹಬ್ಬದ ದಿನ ಇಲ್ಲ ಅನ್ನಿಸಿಕೊಳ್ಳಬೇಕಲ್ಲ ಎಂದು.

ಭಿಡೆ ಸಾಹೇಬರು ಬಂದರು. ಹಬ್ಬಕ್ಕೆ ಪುಣೆಯ ಮನೆಗೆ ಹೋಗಿರಲಿಲ್ಲ, ಗಡ್ಡ ಹೆರೆದಿರಲಿಲ್ಲ. ಬಗಲಲ್ಲಿ ಏನೋ ಪೊಟ್ಟಣ. ನೇರ ಬಸಪ್ಪನ ಮುಂದೆ ನಿಂತು ಪೊಟ್ಟಣ ಬಿಚ್ಚಿ, ಸಿಪ್ಪೆ ಸುಲಿದ ಒಂದು ತೆಂಗಿನಕಾಯಿಯನ್ನು ಎರಡೂ ಕೈಯಿಂದ ಚಾಚಿದರು.

"ಫೋಡ್, ಬಸಪ್ಪ. ಗುಂಡಿಗೆ ಒಡಿ."

ಬಸಪ್ಪ ಕಾಯಿ ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ಗುಂಡಿಗೆ ನೀರು ಬೀಳತಾವ್ರಿ."

ನಾನು ಇದನ್ನು ಮರಾಠಿಗೆ ತಿರುಗಿಸಬೇಕಾಯಿತು. ಸಾಹೇಬರ ಹೆಗಲು ಅಲುಗತೊಡಗಿತು. ನಗುತ್ತಿದ್ದಾರೆಂದುಕೊಂಡೆ, ಹತ್ತಿರದಿಂದ ನೋಡಿದರೆ ಕಣ್ಣಲ್ಲಿ ನೀರಿತ್ತು. ಬಸಪ್ಪನ ಬೆನ್ನು ತಟ್ಟಿ, "ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ. ಎಲ್ಲರೂ" ಎಂದರು.

ಕಾಯಿಯನ್ನು ಗೇಟಿನ ಹೊರಗೆ ಖಾಡಿಯ ಗೋಡೆಯ ಮೂಲೆಗಲ್ಲಿಗೆ ಒಡೆದರು. ಬೆಳಗಿನ ಹೊತ್ತು, ನೀರು ಇಳಿದಿತ್ತು, ಹಿರಾಬಾಯಿ ತನ್ನ ಹಳೆಯ ಜಾಗಕ್ಕೆ ಮರಳಿದ್ದಳು. ಕಾಯಿಯ ನೀರು ಬುಟ್ಟಿಗೆ ಸಿಡಿದದ್ದಕ್ಕೆ ಎಲ್ಲರನ್ನೂ ನಾಲ್ಕು ಬೈದು, ಒಂದು ಕಾಯಿ ಹೋಳು ಕೇಳಿ ಕೈಯೊಡ್ಡಿ, ಯಲ್ಲಪ್ಪನ ಕಡೆ ಹುಬ್ಬು ಹಾರಿಸಿ ಕೇಳಿದಳು:

"ಕಾಯ್ ರೇ, ಝಾಲೀ ಕಾ ಭರತಿ?"

ಆಯಿತೇನೋ ಭರತಿ, ಎಂದು. ಮಾತುಗಾರ ಯಲ್ಲಪ್ಪ ಬಸಪ್ಪನ ಪಕ್ಕಕ್ಕೆ ಸರಿದ. ಬಸಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, ತನಗೆ ಬರುವಷ್ಟು ಮರಾಠಿಯಲ್ಲಿ ಹೇಳಿದ:

"ಝಾಲೀ ಬಾಯಿ, ಝಾಲೀ. ಆಮ್ಚೀಚ್ ಝಾಲೀ."

ಆಯಿತು ತಾಯಿ. ನಮ್ಮದೇ ಆಯಿತು.